ಸಿಗ್ನಲ್‌ನಲ್ಲಿ ನಿಂತರೆ ಕ್ಯಾಮೆರಾ ಆಫ್!

ಪ್ರಶ್ನೆ: ಬೆಂಗಳೂರಿನಲ್ಲಿ ಸೈಕಲ್‌ನಲ್ಲೇ ಆಫೀಸಿಗೆ ಹೋಗುತ್ತೇನೆ. ಬೈಕಿನವರು ಮೈಮೇಲೆಯೇ ಬರುತ್ತಾರೆ, ಸಾಕ್ಷಿಗಿರಲಿ ಅಂತ ಹ್ಯಾಂಡಲ್‌ಗೆ ಆಕ್ಷನ್ ಕ್ಯಾಮೆರಾ ಹಾಕಿದೆ. ಸಿಗ್ನಲ್‌ನಲ್ಲಿ ಬಿಸಿಯಾಗಿ ಆಫ್ ಆಗುತ್ತದೆ, ನಂಬರ್ ಪ್ಲೇಟೂ ಕಾಣಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಸಿಟ್ಟು ನ್ಯಾಯವಾದದ್ದೇ. ಇಂಥ ಪುಟ್ಟ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಫ್ಯಾನ್ ಇರುವುದಿಲ್ಲ, ಓಡುವಾಗ ಬೀಸುವ ಗಾಳಿಯೇ ತಂಪು ಮಾಡಬೇಕು, ನಿಂತರೆ ಬಿಸಿ ಏರುತ್ತದೆ. ವಿಡಿಯೊ ಗುಣಮಟ್ಟವನ್ನು 4ಕೆ ಬಿಟ್ಟು 1080ಪಿ, ಸೆಕೆಂಡಿಗೆ 30 ಫ್ರೇಮ್‌ಗೆ ಇಳಿಸಿ, ಬಿಸಿ ಕಡಿಮೆಯಾಗುತ್ತದೆ. ವೈಫೈ, ಸ್ಕ್ರೀನ್ ಆಫ್ ಮಾಡಿ. ಪ್ಲೇಟ್ ಕಾಣದಿರುವುದಕ್ಕೆ ವೈಡ್ ಲೆನ್ಸೂ ಕಾರಣ, ಅದರಲ್ಲಿ ಎಲ್ಲವೂ ಚಿಕ್ಕದಾಗುತ್ತದೆ, ಸೆಟ್ಟಿಂಗ್‌ನಲ್ಲಿ ಕಡಿಮೆ ಅಗಲ ತೋರಿಸುವ ‘ಲೀನಿಯರ್’ಗೆ ಬದಲಿಸಿ. ಸಂಜೆ ಬೆಳಕು ಕಡಿಮೆ, ಹ್ಯಾಂಡಲ್ ಅದುರಾಟ ಜಾಸ್ತಿ; ಕ್ಯಾಮೆರಾವನ್ನು ಎದೆಗೆ ಕಟ್ಟುವ ಪಟ್ಟಿಯೇ ವಾಸಿ. ಯಾರಾದರೂ ತಾಗಿಸಿ ಹೋದರೆ ತಕ್ಷಣ ನಂಬರನ್ನು ಜೋರಾಗಿ ಹೇಳಿಬಿಡಿ, ಚಿತ್ರ ಮಸುಕಾದರೂ ಮೈಕ್‌ನಲ್ಲಿ ದನಿ ಉಳಿಯುತ್ತದೆ ಅಲ್ವಾ?