ಹಡಗಿನಲ್ಲಿ ಅಮ್ಮನಿಗೆ ತಲೆ ಸುತ್ತೀತೇ?

ಪ್ರಶ್ನೆ: ಅಮ್ಮನಿಗೆ 66 ವರ್ಷ. ಹುಟ್ಟಿದಾಗಿನಿಂದ ಕಡಲು ನೋಡುತ್ತಲೇ ಇದ್ದಾರೆ, ಅದರ ಮೇಲೆ ಒಮ್ಮೆಯೂ ಹೋಗಿಲ್ಲ. ಡಿಸೆಂಬರಿನಲ್ಲಿ ಕೊಚ್ಚಿಯಿಂದ ಲಕ್ಷದ್ವೀಪದ ಕವರತ್ತಿಗೆ ಹಡಗಿನಲ್ಲಿ ಕರೆದುಕೊಂಡು ಹೋಗುವ ಆಸೆ. ಆದರೆ ಬಸ್ಸಿನಲ್ಲೇ ವಾಂತಿ ಮಾಡುವವರು. ತಾಳಿಕೊಂಡಾರೇ?
— ಓದುಗರು, ಕುಂಬಳೆ

ಉತ್ತರ: ಖಂಡಿತ ಕರೆದುಕೊಂಡು ಹೋಗಿ. ಡಿಸೆಂಬರ್ ಒಳ್ಳೆಯ ಸಮಯ, ಮಳೆಗಾಲದ ಅಬ್ಬರ ಮುಗಿದು ಕಡಲು ತಣ್ಣಗಿರುತ್ತದೆ. ಮೊದಲು ಲಕ್ಷದ್ವೀಪದ ಪರ್ಮಿಟ್ ಮಾಡಿಸಿಕೊಳ್ಳಿ, ಅದಿಲ್ಲದೆ ಆಗುವುದಿಲ್ಲ.

ದೂರ ಸುಮಾರು 400 ಕಿಲೋಮೀಟರ್. ಹೆಚ್ಚಾಗಿ 14ರಿಂದ 18 ಗಂಟೆ ಹಿಡಿಯುತ್ತದೆ. ತಲೆ ಸುತ್ತುವುದು ಯಾಕೆ ಅಂದರೆ, ಕಿವಿಯೊಳಗೆ ಓಲಾಟ ಗೊತ್ತಾಗುತ್ತದೆ, ಕೋಣೆಯ ಗೋಡೆ ನೋಡುವ ಕಣ್ಣಿಗೆ ಏನೂ ಅಲ್ಲಾಡಿದಂತೆ ಕಾಣುವುದಿಲ್ಲ, ಈ ಎರಡೂ ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಹಾಗಾಗಿ ಅಮ್ಮನನ್ನು ಸುಮ್ನೆ ಒಳಗೆ ಮಲಗಿಸಬೇಡಿ. ಡೆಕ್ಕಿನಲ್ಲಿ ಕೂರಿಸಿ, ಕಡಲು ಆಕಾಶ ಸೇರುವ ಗೆರೆ ನೋಡುತ್ತಿರಲಿ. ಮಲಗುವ ಜಾಗ ಹಡಗಿನ ನಡುವೆ, ಕೆಳಗಿನ ಬರ್ತ್ ಸಿಕ್ಕಿದರೆ ಒಳ್ಳೆಯದು, ಅಲ್ಲಿ ಓಲಾಟ ಕಡಿಮೆ. ಮಾತ್ರೆಯನ್ನು ಡಾಕ್ಟರನ್ನು ಕೇಳಿ ಹಡಗು ಹೊರಡುವ ಮೊದಲೇ ಕೊಡಬೇಕು, ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಖಾಲಿ ಹೊಟ್ಟೆಯೂ ಬೇಡ, ಸ್ವಲ್ಪ ಗಂಜಿ, ಉಪ್ಪಿನಕಾಯಿ ಸಾಕು.

ಜೊತೆಗಿರುವ ದ್ವೀಪದವರ ಹತ್ತಿರ ಅಮ್ಮ ಮಾತಾಡಲಿ. ಅವರದು ಮಲಯಾಳಂನದೇ ಒಂದು ಬಗೆ, ನಮ್ಮ ಕಾಸರಗೋಡಿನವರಿಗೆ ಅರ್ಥವಾಗುತ್ತದೆ. ಅಮಿನಿ, ಕಡಮತ್ ದ್ವೀಪಗಳ ಕಡೆಯವರು ಸಿಕ್ಕಿದರೆ ಇನ್ನೂ ಚೆನ್ನ. 1956ರವರೆಗೆ ಅವರೂ ನಾವೂ ಒಂದೇ ದಕ್ಷಿಣ ಕನ್ನಡ ಜಿಲ್ಲೆ, ಅಲ್ವಾ! ಅಲ್ಲಿನ ಕೊಬ್ಬರಿ ಮಂಜಿಯಲ್ಲಿ, ಅಂದರೆ ಸರಕಿನ ಹಾಯಿದೋಣಿಯಲ್ಲಿ, ಮಂಗಳೂರು ಬಂದರಿಗೆ ಬರುತ್ತಿದ್ದದ್ದು ಹಳಬರಿಗೆ ನೆನಪಿರುತ್ತದೆ.

ಬೆಳಗ್ಗೆ ಐದೂವರೆಗೇ ಎಬ್ಬಿಸಿ, ಹಡಗಿನ ಹಿಂಬದಿಗೆ ಕರೆದುಕೊಂಡು ಹೋಗಿ. ಕುಂಬಳೆಯವರಿಗೆ ಸೂರ್ಯ ಕಡಲಿನಲ್ಲಿ ಮುಳುಗುವುದಷ್ಟೇ ಗೊತ್ತು. ಅಲ್ಲಿ ಊರಿನ ದಿಕ್ಕಿನಿಂದ, ನೀರಿನೊಳಗಿಂದ ಎದ್ದು ಬರುತ್ತಾನೆ. ನಮ್ಮಮ್ಮ ಅದನ್ನು ನೋಡಿ ಕೈಮುಗಿದು ನಿಂತವರು ಚಹಾ ಆರಿಹೋದರೂ ಕುಡಿಯಲಿಲ್ಲ.

ನನಗೆ ಜಾಸ್ತಿ ಭಯ ಇಳಿಯುವಾಗಿನದು. ಸುತ್ತ ಹವಳದ ದಿಬ್ಬ ಇರುವುದರಿಂದ ದೊಡ್ಡ ಹಡಗು ಒಳಗೆ ಹೋಗುವುದಿಲ್ಲ, ಹೆಚ್ಚಾಗಿ ಹೊರಗೇ ನಿಲ್ಲುತ್ತದೆ. ಪಕ್ಕದ ಬಾಗಿಲಿನಿಂದ ಸಣ್ಣ ದೋಣಿಗೆ ದಾಟಬೇಕು. ಅಲೆಗೆ ದೋಣಿ ಒಮ್ಮೆ ಬಾಗಿಲ ಮಟ್ಟಕ್ಕೆ ಏರುತ್ತದೆ, ಒಮ್ಮೆ ಕೆಳಗಿಳಿಯುತ್ತದೆ. ಆಳುಗಳು ಎರಡೂ ಕೈ ಹಿಡಿದುಕೊಳ್ಳುತ್ತಾರೆ. ಅಮ್ಮನಿಗೆ ಮನೆಯಲ್ಲೇ ಹೇಳಿಡಿ: ಬ್ಯಾಗು ಮೊದಲೇ ಅವರ ಕೈಗೆ ಕೊಡಬೇಕು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳಬೇಕು, ದೋಣಿ ಮೇಲೆ ಬಂದಾಗ ಅವರು ಹೇಳಿದ ಮೇಲೆಯೇ ಕಾಲಿಡಬೇಕು. ಹಿಂದಿನವರು ಅವಸರ ಮಾಡಿದರೂ ಮಾಡಲಿ, ನೀವು ಅಮ್ಮನ ಹಿಂದೆಯೇ ನಿಂತಿರಿ.