ಸಾಂಟಾ ಫೆ ಪ್ಲಾಜಾಗೆ 31 ಅಡಿ ಗಾಡಿ ನುಗ್ಗಿಸಬೇಡಿ ಮಾರಾಯ್ರೇ

ಸರ್, ನಿಮ್ಮ ಪ್ಲಾನ್ ಓದಿದೆ. ಬೆಳಗ್ಗೆ ಅಮೆರಿಕದ ನ್ಯೂ ಮೆಕ್ಸಿಕೊದ ಆಲ್ಬುಕರ್ಕಿ ಬಿಟ್ಟು, ಬಾಡಿಗೆಯ 31 ಅಡಿ ಕ್ಲಾಸ್ ಸಿ (ಅಡುಗೆ, ಮಲಗುವ ಜಾಗ ಎಲ್ಲ ಇರುವ ಮನೆ-ಗಾಡಿ) ಸಮೇತ ಸಾಂಟಾ ಫೆ, ಊರ ನಡುವಿನ ಚೌಕ ಪ್ಲಾಜಾ ಪಕ್ಕ "ಎಲ್ಲಾದರೂ" ಪಾರ್ಕಿಂಗ್, ಅಪ್ಪ ಅಮ್ಮನಿಗೆ ಐದು ಜಾಗ ತೋರಿಸುವುದು, ಮಧ್ಯಾಹ್ನ ಗಾಡಿಯಲ್ಲೇ ಅನ್ನ ಸಾರು, ಸಂಜೆಗೆ ಇನ್ನೂ ಉತ್ತರಕ್ಕಿರುವ ಟಾವೋಸ್ ಊರು. ಮೊದಲು ನಗು ಬಂತು. ಆಮೇಲೆ ಹೊಟ್ಟೆಯಲ್ಲಿ ಸಂಕಟ ಆಯಿತು. 2019ರಲ್ಲಿ ನಾನು ಹಾಕಿದ್ದ ಪ್ಲಾನೂ ಇದೇ. ಟಾವೋಸ್ ಮುಟ್ಟಲೇ ಇಲ್ಲ.

ಸಾಂಟಾ ಫೆ 1610ರ ಸುಮಾರಿನ ಊರು. ಕುದುರೆ, ಕತ್ತೆ, ಎತ್ತಿನ ಗಾಡಿ ಓಡಾಡಿದ ಬೀದಿಗಳು. ಅಕ್ಕಪಕ್ಕ ಮಣ್ಣಿನ ಗೋಡೆ, ಮಾಡಿನಿಂದ ಹೊರಗೆ ಚಾಚಿದ ಮರದ ದಿಮ್ಮಿ, ಮಳೆನೀರು ಬೀಳುವ ದೋಣಿ. ಗೂಗಲ್ ಮ್ಯಾಪ್ ಕಣ್ಣಿಗೆ ನಿಮ್ಮ ಗಾಡಿಯೂ ಒಂದು ಕಾರು ಅಷ್ಟೇ, ಅದು ಯಾವ ಓಣಿಗೆ ಬೇಕಾದರೂ ಕಳಿಸುತ್ತದೆ. ನನ್ನನ್ನು ಕ್ಯಾನ್ಯನ್ ರೋಡ್ ಕಡೆಯ ಒಂದು ಓಣಿಗೆ ಕಳಿಸಿತು.

ಬಲಕ್ಕೆ ತಿರುಗಿಸಿದೆ. ಮುಂದಿನ ಚಕ್ರ ಚೆನ್ನಾಗೇ ಹೋಯಿತು. ಹಿಂದಿನ ಆಕ್ಸಲ್‌ನಿಂದ ಆಚೆ ಹತ್ತಡಿ ಬಾಲ ಇದೆಯಲ್ಲ, ಅದು ಎಡಕ್ಕೆ ಬೀಸಿ ಅಲ್ಲಿ ನಿಂತಿದ್ದ ಪಿಕಪ್ ಕನ್ನಡಿಗೆ ಒಂದು ಗೇಣಷ್ಟೇ ಬಿಟ್ಟಿತು. ಅದನ್ನು ನೋಡಿ ಗಾಬರಿಯಾಗಿ ಇನ್ನೂ ಬಲಕ್ಕೆ ಒತ್ತಿದೆ. ಆಗ ಬಲಗಡೆಯ ಆನಿಂಗ್ (ಬಿಚ್ಚಿ ಸುತ್ತಿಡುವ ನೆರಳಿನ ಬಟ್ಟೆ) ತೋಳು ಗೋಡೆಗೆ ಸಿಕ್ಕಿತು. ಮುಂದೆಯೂ ಇಲ್ಲ, ಹಿಂದೆಯೂ ಇಲ್ಲ. ನಮ್ಮಪ್ಪ ಇಳಿದು ಹಿಂದೆ ನಿಂತು, ಶಿವಮೊಗ್ಗ ಬಸ್ ಸ್ಟ್ಯಾಂಡಿನ ಕಂಡಕ್ಟರ್ ಥರ "ಬಾ ಬಾ ಬಾ, ಬರ್ಲಿ ಬರ್ಲಿ" ಅಂತ ಕೂಗಿದರು. ನಿಂತಿದ್ದು ಮಾತ್ರ ಸರಿಯಾಗಿ ಬ್ಲೈಂಡ್ ಸ್ಪಾಟಿನಲ್ಲಿ. ನನ್ನ ಕನ್ನಡಿಯಲ್ಲಿ ಮನುಷ್ಯನೇ ಇಲ್ಲ, ದನಿ ಮಾತ್ರ! ಕೊನೆಗೆ ಪೊಲೀಸ್ ಬಂದು ಎರಡೂ ಕಡೆ ಗಾಡಿ ನಿಲ್ಲಿಸಿ, 40 ನಿಮಿಷ ಇಂಚಿಂಚು ಹಿಂದೆ ತೆಗೆಸಿದರು. ಪಾಪ, ಒಳ್ಳೆಯ ಮನುಷ್ಯ, ಫೈನ್ ಹಾಕಲಿಲ್ಲ. ಗೋಡೆಗೆ ಬರೀ ಗೀರು. ಆನಿಂಗ್ ತೋಳು ಬಾಳೆದಿಂಡಿನ ಹಾಗೆ ಬಾಗಿತ್ತು. ಬಾಡಿಗೆ ಕೊಟ್ಟವರು ಡೆಪಾಸಿಟ್‌ನಲ್ಲಿ 1,400 ಡಾಲರ್ ಹಿಡಿದುಕೊಂಡರು. ಅದಿರಲಿ, ಆ ದಿನ ಅಮ್ಮ ನೋಡಿದ್ದು ಆ ಗೋಡೆ ಒಂದನ್ನೇ.

ಈಗ ನಾನು ಮಾಡುವುದು ಹೀಗೆ. ಗಾಡಿಯನ್ನು ಸಾಂಟಾ ಫೆಗೆ ಒಯ್ಯುವುದೇ ಇಲ್ಲ. ಆಲ್ಬುಕರ್ಕಿ ಪಕ್ಕದ ಬೆರ್ನಲಿಯೋ ಆಸುಪಾಸಿನಲ್ಲಿ ಹುಕಪ್ (ಗಾಡಿಗೆ ಕರೆಂಟು, ನೀರು ಜೋಡಿಸುವ ವ್ಯವಸ್ಥೆ) ಇರುವ ಕಡೆ ಹಿಂದಿನ ರಾತ್ರಿಯೇ ನಿಲ್ಲಿಸಿ, ಬೆಳಗ್ಗೆ ರೇಲ್ ರನ್ನರ್ ರೈಲು. 2008ರ ಡಿಸೆಂಬರ್‌ನಿಂದ ಅದು ಸಾಂಟಾ ಫೆವರೆಗೂ ಹೋಗುತ್ತಿದೆ. ಎರಡು ಅಂತಸ್ತಿನ ಬೋಗಿ, ಒಳಗೇ ಟಾಯ್ಲೆಟ್ ಇದೆ, ಹಿರಿಯರಿಗೆ ಅದಕ್ಕಿಂತ ಏನು ಬೇಕು ಹೇಳಿ. ಒಂದು ಗಂಟೆ ಚಿಲ್ಲರೆ ದಾರಿ. ಬಾಗಿಲು ಮುಚ್ಚುವಾಗ "ಮೀಪ್ ಮೀಪ್" ಅನ್ನುತ್ತದೆ, ಕಾರ್ಟೂನಿನ ಹಕ್ಕಿಯ ಹಾಗೆ. ನಮ್ಮಮ್ಮ ಈಗಲೂ ಆ ದನಿ ಮಾಡಿ ನಗುತ್ತಾರೆ. ದಾರಿಯಲ್ಲಿ ಅಲ್ಲಿನ ಮೂಲನಿವಾಸಿಗಳಾದ ಪ್ವೆಬ್ಲೋ ಜನರ ಊರುಗಳು ಬರುತ್ತವೆ, ಅಲ್ಲಿ ಫೋಟೋ ತೆಗೆಯಬೇಡಿ ಅಂತ ಕೇಳಿಕೊಳ್ಳುತ್ತಾರೆ. ದಯವಿಟ್ಟು ಪಾಲಿಸಿ. ಸಾಂಟಾ ಫೆ ಡಿಪೋ ನಿಲ್ದಾಣದಲ್ಲಿ ಇಳಿದರೆ ಪ್ಲಾಜಾಗೆ ಹದಿನೈದು ನಿಮಿಷ ನಡಿಗೆ. ಆದರೆ ವಾರದ ಕೊನೆಯಲ್ಲಿ ರೈಲು ಕಮ್ಮಿ. ವಾಪಸ್ ರೈಲಿನ ಟೈಮ್ ಮೊದಲು ನೋಡಿ, ಆಮೇಲೆ ಹೋಗುವ ರೈಲು ಹಿಡಿಯಿರಿ. ಟೋಡ್ (ಗಾಡಿಯ ಹಿಂದೆ ಎಳೆದೊಯ್ಯುವ ಸಣ್ಣ ಕಾರು) ಇದ್ದವರಿಗೆ ಈ ರಗಳೆ ಇಲ್ಲ, ಆದರೆ ನಿಮ್ಮದು ಬಾಡಿಗೆ ಗಾಡಿ ಅಂದಿರಿ. ಬಾಡಿಗೆ ಕರಾರಿನ ಕಾಗದ ಓದದೆ ಹಿಂದೆ ಏನನ್ನೂ ಎಳೆಯಬೇಡಿ.

ಐದು ಜಾಗ ಬೇಡ, ಮೂರು ಸಾಕು. ಊರು ಇರುವುದು ಸುಮಾರು 7,000 ಅಡಿ ಮೇಲೆ. ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ! ಎಪ್ಪತ್ತು ದಾಟಿದವರಿಗೆ ಹತ್ತು ಹೆಜ್ಜೆಗೇ ಏದುಸಿರು ಬರುತ್ತದೆ. ಬಾಯಾರಿಕೆ ಆಗುವ ಮುಂಚೆಯೇ ನೀರು ಕುಡಿಸುತ್ತಿರಿ. ಬಿಪಿ ಮಾತ್ರೆ ತೆಗೆದುಕೊಳ್ಳುವವರಾದರೆ ಹೊರಡುವ ಮೊದಲು ಡಾಕ್ಟರನ್ನು ಒಂದು ಮಾತು ಕೇಳಿ. ಲೊರೆಟ್ಟೊ ಚಾಪೆಲ್ ಬಿಡಬೇಡಿ. ಆ ಪುಟ್ಟ ಚರ್ಚಿನ ಸುರುಳಿ ಮೆಟ್ಟಿಲು ನೋಡಬೇಕು: 33 ಮೆಟ್ಟಿಲು, ಎರಡು ಪೂರ್ತಿ ಸುತ್ತು, ನಡುವೆ ಕಂಬವೇ ಇಲ್ಲ. ಹತ್ತಲು ಬಿಡುವುದಿಲ್ಲ, ಹಾಗಾಗಿ ಮೊಣಕಾಲಿಗೂ ಕ್ಷೇಮ. ಪ್ಯಾಲೆಸ್ ಆಫ್ ದ ಗವರ್ನರ್ಸ್ ಜಗುಲಿಯಲ್ಲಿ ಮೂಲನಿವಾಸಿಗಳು ಬೆಳ್ಳಿ, ಟರ್ಕಾಯ್ಸ್ ಒಡವೆ ಹಾಸಿಕೊಂಡು ಕೂತಿರುತ್ತಾರೆ. ಅವರು, ಅವರ ಮನೆಯವರು ಕೈಯಾರೆ ಮಾಡಿದ್ದು. ಅಲ್ಲಿ ಜಯನಗರ ಫೋರ್ತ್ ಬ್ಲಾಕ್ ಚೌಕಾಸಿ ಶುರು ಮಾಡಬೇಡಿ ಅಂತ ಅಮ್ಮನಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ, ನಾಚಿಕೆಯಾಯಿತು. ಸುಸ್ತಾಗದೆ ಇದ್ದರೆ ಊಬರ್ ಮಾಡಿ ಮ್ಯೂಸಿಯಂ ಹಿಲ್‌ನ ಜಾನಪದ ಕಲೆಯ ಮ್ಯೂಸಿಯಂಗೆ ಹೋಗಿ. ಅಲೆಕ್ಸಾಂಡರ್ ಜಿರಾರ್ಡ್ ಕೂಡಿಸಿದ ಗೊಂಬೆ, ಆಟಿಕೆ, ಬಟ್ಟೆ ಎಲ್ಲ ಸೇರಿ ಲಕ್ಷ ದಾಟುತ್ತವೆ. ದಸರಾ ಗೊಂಬೆ ಕೂರಿಸುವ ಮನೆಯವರಾದರೆ ಹೊರಗೆ ಕರೆತರುವುದೇ ಕಷ್ಟ. ಚಳಿಗಾಲದಲ್ಲಿ ಸೋಮವಾರ ಕೆಲವು ಮ್ಯೂಸಿಯಂ ಮುಚ್ಚಿರುತ್ತವೆ, ನೋಡಿಕೊಳ್ಳಿ.

ಊಟ. ಅಲ್ಲಿ "ರೆಡ್ ಆರ್ ಗ್ರೀನ್?" ಅಂತ ಕೇಳುತ್ತಾರೆ, ಮೆಣಸಿನಕಾಯಿ ಗೊಜ್ಜು ಯಾವುದು ಬೇಕು ಅಂತ. ಎರಡೂ ಬೇಕಾದರೆ "ಕ್ರಿಸ್ಮಸ್" ಅನ್ನಬೇಕು. ಆದರೆ ಸಸ್ಯಾಹಾರಿಗಳು ಎಚ್ಚರ, ಗೊಜ್ಜಿನಲ್ಲಿ ಹಂದಿ ಮಾಂಸ, ಬೀನ್ಸ್‌ನಲ್ಲಿ ಹಂದಿ ಕೊಬ್ಬು ಇರಬಹುದು. "ವೆಜಿಟೇರಿಯನ್ನಾ?" ಅಂದರೆ ಸಾಲದು. ಎರಡರ ಹೆಸರನ್ನೂ ಹಿಡಿದು ಕೇಳಿ.

ಗಾಡಿಯಲ್ಲೇ ಅಡುಗೆ ಅಂದಿರಲ್ಲ, ಆ ಎತ್ತರದಲ್ಲಿ ನೀರು 93 ಡಿಗ್ರಿಗೇ ಕುದಿಯುತ್ತದೆ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟರೆ ಸಂಜೆವರೆಗೂ ಕಲ್ಲೇ. ಕುಕ್ಕರ್ ಒಯ್ಯಿರಿ. ನನ್ನ ವೋಟು 3 ಲೀಟರ್ ಹಾಕಿನ್ಸ್‌ಗೆ, ಗ್ಯಾಸ್ಕೆಟ್ ಒಂದು ಎಕ್ಸ್‌ಟ್ರಾ ಇರಲಿ. ಮಾಮೂಲಿಗಿಂತ ಎರಡು ಸೀಟಿ ಜಾಸ್ತಿ ಹಾಕಿಸಿ. ಕರೆಂಟ್ ಕುಕ್ಕರ್ ಸಾಕು ಅಂತಲೂ ಕೆಲವರು ಹೇಳುತ್ತಾರೆ. ಹುಕಪ್ ಇದ್ದರೆ ಸರಿ. ಜನರೇಟರ್ ಮೇಲೆ ಎಸಿ ಜೊತೆ ಹಾಕಿದರೆ ಅಷ್ಟು ಎತ್ತರದಲ್ಲಿ ಅದು ಮುಕ್ಕರಿಯುತ್ತದೆ. ಕಾರ್ಬುರೇಟರ್ ಇರುವ ಹಳೆ ಓನಾನ್ 4000 ಜನರೇಟರ್ ಆದರೆ ಆಲ್ಟಿಟ್ಯೂಡ್ ನಾಬ್ ಇರುತ್ತದೆ, ತಿರುಗಿಸಿ. ಇಳಿದ ಮೇಲೆ ವಾಪಸ್ ತಿರುಗಿಸುವುದನ್ನು ಮರೆಯಬೇಡಿ.

ಉಪ್ಪಿನಕಾಯಿ ಬಾಟಲಿಯನ್ನು ಆ ಎತ್ತರಕ್ಕೆ ಹೋದಮೇಲೆ ಸಿಂಕ್ ಒಳಗೆ ಹಿಡಿದು ತೆರೆಯಿರಿ. ಒಳಗಿನ ಗಾಳಿಗೆ ಎಣ್ಣೆ ಚಿಮ್ಮುತ್ತದೆ. ಬಾಡಿಗೆ ಗಾಡಿಯ ಸೀಟಿಗೆ ಬಿದ್ದ ಮಾವಿನಕಾಯಿ ಎಣ್ಣೆ ಯಾವ ಸೋಪಿಗೂ ಹೋಗಲ್ಲ.

ಆಮೇಲೆ, ಜುಲೈ ಆಗಸ್ಟ್ ಆದರೆ ಮಧ್ಯಾಹ್ನ ಗುಡುಗು ಮಳೆ ಸಾಮಾನ್ಯ. ರೈಲು ಹಿಡಿಯಲು ಹೊರಡುವ ಮುಂಚೆ ಆನಿಂಗ್ ಸುತ್ತಿಡಿ, ಮೇಲಿನ ವೆಂಟ್ ಮುಚ್ಚಿ. ಟಾವೋಸ್ ಮರುದಿನಕ್ಕೆ ಇಟ್ಟುಕೊಳ್ಳಿ. ಯಾವ ತಾರೀಕು ಹೋಗುತ್ತಿದ್ದೀರಿ ಅಂತ ಹಾಕಿ, ಆ ದಿನದ ರೈಲು ನೋಡಿ ಹೇಳುತ್ತೇನೆ.