ಸಂಪಾದಕರ ಉತ್ತರ: ಮೊದಲು ಬೀಜ, ಆಮೇಲೆ ರೇಷನ್

ಎರಡನೇ ಮಹಾಯುದ್ಧದ ಕಾಲದ ಬ್ರಿಟನ್ನಿನ ರೇಷನ್ ಊಟವನ್ನು ಮನೆಮಂದಿಯೆಲ್ಲ ಒಂದು ವಾರ ಮಾಡಿ ನೋಡಬೇಕು, ಟೆರೇಸಿನಲ್ಲಿ ತರಕಾರಿಯನ್ನೂ ಬೆಳೆಯಬೇಕು ಎಂದು ಬೆಂಗಳೂರಿನ ಓದುಗರೊಬ್ಬರು ಬರೆದಿದ್ದಾರೆ. 'ನಾವು ಸಸ್ಯಾಹಾರಿಗಳು. ಮಕ್ಕಳು ಉಪವಾಸ ಬೀಳುವುದಿಲ್ಲ ತಾನೆ?' ಎಂಬುದು ಅವರ ಪ್ರಶ್ನೆ.

ಖಂಡಿತ ಬೀಳುವುದಿಲ್ಲ. ಯುದ್ಧ ನಡೆದಷ್ಟು ದಿನವೂ ಅಲ್ಲಿ ಆಲೂಗಡ್ಡೆ, ತರಕಾರಿ, ಬ್ರೆಡ್ಡಿಗೆ ರೇಷನ್ ಇರಲಿಲ್ಲ. ಬ್ರೆಡ್ಡಿಗೆ ಬಂದದ್ದು ಯುದ್ಧ ಗೆದ್ದ ಮೇಲೆ, 1946ರಲ್ಲಿ! ಹೊಟ್ಟೆ ತುಂಬುತ್ತಿತ್ತು, ನಾಲಿಗೆಗೇ ಕಷ್ಟ. ದೊಡ್ಡವರೊಬ್ಬರಿಗೆ ವಾರಕ್ಕೆ ಸುಮಾರು 57 ಗ್ರಾಂ ಬೆಣ್ಣೆ, ಅಷ್ಟೇ ಟೀಪುಡಿ, 227 ಗ್ರಾಂ ಸಕ್ಕರೆ, 1.7 ಲೀಟರ್ ಹಾಲು. ಪ್ರಮಾಣ ಆಗಾಗ ಏರಿಳಿಯುತ್ತಿತ್ತು. ಮಾಂಸದ ಪಾಲು ಬಿಟ್ಟುಕೊಟ್ಟ ಸಸ್ಯಾಹಾರಿಗಳಿಗೆ ಚೀಸ್ ಜಾಸ್ತಿ ಸಿಗುತ್ತಿತ್ತು. ನೀವು ಪನೀರ್ ತಿಂದರೆ ಮೋಸ ಅನ್ನಲಾರೆ. ಕಾಫಿಗೆ ರೇಷನ್ನೇ ಇರಲಿಲ್ಲ, ನಿಮ್ಮ ಅದೃಷ್ಟ.

ಹೋದ ವರ್ಷ ನಾನೂ ಮಾಡಿ ನೋಡಿದೆ. ಸೋಮವಾರ ನನ್ನ ಸಕ್ಕರೆಯನ್ನು ತೂಗಿ, ಉಪ್ಪಿನಕಾಯಿಯ ಹಳೇ ಬಾಟಲಿಗೆ ಹಾಕಿ, ಹೆಸರು ಬರೆದಿಟ್ಟೆ. ಗುರುವಾರ ನೆಂಟರು ಬಂದರು. ಅವರ ಕಾಫಿಗೆ ನನ್ನ ಬಾಟಲಿಯೇ ಬೇಕಾಯಿತು. ಶನಿವಾರ ತಳಕ್ಕೆ ಅಂಟಿದ್ದನ್ನು ಚಮಚದಲ್ಲಿ ಕೆರೆಯುತ್ತಿದ್ದೆ.

ಆಹಾರ ಮಂತ್ರಿಯಾಗಿದ್ದ ಲಾರ್ಡ್ ವೂಲ್ಟನ್ ಹೆಸರಿನ ವೂಲ್ಟನ್ ಪೈ ಮಾಡಿ. ಆಲೂಗಡ್ಡೆ, ಕ್ಯಾರೆಟ್, ಹೂಕೋಸು, ಸ್ವಲ್ಪ ಓಟ್ಸ್. ಸ್ವೀಡ್ ಗಡ್ಡೆಯ ಬದಲು ನವಿಲುಕೋಸು ಹಾಕಿ. ಮೇಲೆ ಹಿಸುಕಿದ ಆಲೂಗಡ್ಡೆ ಹರಡಿ ಬೇಯಿಸಿ. ಸಪ್ಪೆ ಅನ್ನಿಸಿದರೂ ಒಗ್ಗರಣೆ ಹಾಕಬೇಡಿ. ಹಾಕಿದರೆ ಅದು ಪಲ್ಯ, ಅಲ್ವಾ?

ಮಕ್ಕಳಿಗೆ ಇದನ್ನೂ ಹೇಳಿ: 1943ರಲ್ಲಿ, ಅದೇ ಬ್ರಿಟನ್ ಆಳುತ್ತಿದ್ದ ಬಂಗಾಳದಲ್ಲಿ ಲಕ್ಷಾಂತರ ಜನ ಕ್ಷಾಮಕ್ಕೆ ಸತ್ತರು. ರೇಷನ್ ಪುಸ್ತಕ ತೋರಿಸಿ ಪಾಲು ಪಡೆಯುವ ಭಾಗ್ಯ ಅಲ್ಲಿನ ಹಳ್ಳಿಗಳಿಗೆ ಇರಲಿಲ್ಲ.

ಇನ್ನು ನಿಮ್ಮ ಟೆರೇಸು. ಆಗಿನ ಬ್ರಿಟನ್ನಿನಲ್ಲಿ ತೋಟವೆಂದರೆ ಸುಮ್ನೆ ಹವ್ಯಾಸವಲ್ಲ, ತಟ್ಟೆಯ ದೊಡ್ಡ ಪಾಲು ತುಂಬುವ ದಾರಿ. 'ಡಿಗ್ ಫಾರ್ ವಿಕ್ಟರಿ' (ಗೆಲುವಿಗಾಗಿ ಅಗೆಯಿರಿ) ಎಂದು ಲಂಡನ್ ಟವರ್ ಕೋಟೆಯ ಕಂದಕದಲ್ಲೂ ತರಕಾರಿ ಬೆಳೆದರು. ಹಾಗಾಗಿ ನಿಮ್ಮ ಕ್ರಮ ತಿರುಗುಮುರುಗು ಮಾಡಿ. ಮೊದಲು ಹರಿವೆ. ಬೀಜ ಸಾಸಿವೆಗಿಂತ ಸಣ್ಣದು, ಒಣ ಮರಳು ಬೆರೆಸಿ ಚೆಲ್ಲಿದರೆ ಒಂದೇ ಕಡೆ ಗುಂಪಾಗುವುದಿಲ್ಲ. ತಿಂಗಳೊಳಗೆ ಕೀಳಬಹುದು. ಮೆಂತ್ಯ ಇನ್ನೂ ಬೇಗ. ಕ್ಯಾರೆಟ್ಟಿಗೆ ಆಳದ ಕುಂಡ ಬೇಕು, ಮೂರು ತಿಂಗಳು ಕಾಯಬೇಕು. ಮೊದಲ ಸಲ ಕಿರುಬೆರಳಿನಷ್ಟೇ ಬರುತ್ತದೆ, ಬೇಜಾರು ಬೇಡ.

ಬೀಜ ಚೆಲ್ಲಿದ ದಿನ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಸಕ್ಕರೆ ತೂಗುವುದು ಅದಾಗಿ ನಾಲ್ಕು ವಾರಕ್ಕೆ.